ವೈರಕ್ಕ ಡಿಸ್ಕ್ ಕೊಡಲಿಲ್ಲ

ಬೆಳಗಿನ ಐದೂ ಮುಕ್ಕಾಲು. ಡಯಾಲಿಸಿಸ್ ಕೇಂದ್ರದ ಕಾರಿಡಾರಿನಲ್ಲಿ ನೆಲ ಒರೆಸಿದ ತೇವ ಇನ್ನೂ ಆರಿಲ್ಲ. ಮೊದಲ ಪಾಳಿಯ ಹದಿನಾಲ್ಕು ರೋಗಿಗಳು ಬೆಂಚಿನ ಮೇಲೆ ತೂಕಡಿಸುತ್ತಿದ್ದಾರೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೇಂದ್ರಕ್ಕೆ ಬಂದ ಇ-ಮೇಲ್‌ಗಳನ್ನು ನೋಡುತ್ತಿದ್ದಾರೆ. ಕಳಿಸಿದವರ ಹೆಸರನ್ನು ಅವರು ಲೆಕ್ಕಕ್ಕೇ ಇಡುವುದಿಲ್ಲ. ಹೆಸರಿನ ಪಕ್ಕದ ವಿಳಾಸವನ್ನು ತುಟಿಯಾಡಿಸುತ್ತ ಅಕ್ಷರ ಅಕ್ಷರವಾಗಿ ಓದುತ್ತಾರೆ.

"ಇದು ನೋಡಿ, ಹೆಸರು ನಮ್ಮ ಬ್ಯಾಂಕಿಂದೇ. ಆದ್ರೆ ವಿಳಾಸದಲ್ಲಿ ಒಂದಕ್ಷರ ಜಾಸ್ತಿ. ಬೇರೆಯವರ ಅಂಗಿ ಹಾಕ್ಕೊಂಡು ಬಂದಿದಾನೆ, ಗುಂಡಿ ಮಾತ್ರ ತಪ್ಪಾಗಿದೆ" ಎಂದು ಅದನ್ನು ಅಳಿಸುತ್ತಾರೆ.

ದಾಖಲೆಯಲ್ಲಿ ಇವರ ಹುದ್ದೆ 'ಕಡತ ಸಹಾಯಕಿ'. ಬಾಯಿಮಾತಿನಲ್ಲಿ ವೈರಕ್ಕ. "ನಂಗೆ ಯಾರ ಮೇಲೂ ವೈರ ಇಲ್ಲ, ಇರೋದು ಬರೀ ವೈರು" ಎಂದು ಅವರೇ ನಗುತ್ತಾರೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಮಾತ್ರ ಇವರ ನೆನಪಾಗುವ ಆ ಕೇಂದ್ರದಲ್ಲಿ ಇಪ್ಪತ್ತಮೂರು ಕಂಪ್ಯೂಟರ್‌ಗಳಿವೆ. ದಿನಕ್ಕೆ ಮೂರು ಪಾಳಿ, ನಲವತ್ತೆರಡು ರೋಗಿಗಳು. ಯಾರ ದೇಹದಿಂದ ಎಷ್ಟು ನೀರು ತೆಗೆಯಬೇಕು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಯಾರಿಗೆ ಎಷ್ಟು, ಎಲ್ಲವೂ ಅವುಗಳಲ್ಲೇ.

ಪ್ರತಿ ಸಂಜೆ ಆ ಮಾಹಿತಿಯನ್ನೆಲ್ಲ ವೈರಕ್ಕ ಒಂದು ಡಿಸ್ಕಿಗೆ ನಕಲು ಮಾಡುತ್ತಾರೆ. ಆಮೇಲೆ ಡಿಸ್ಕಿನ ವೈರು ಕಿತ್ತು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಸರದಿಗೆ ಮೂರು ಡಿಸ್ಕ್‌ಗಳಿವೆ. ಮರುದಿನದ ಪಟ್ಟಿಯನ್ನು ಕಾಗದದ ಮೇಲೂ ಇಳಿಸುತ್ತಾರೆ. ಕಾಗದ ದಂಡ ಎಂದು ಕಚೇರಿಯವರು ಎರಡು ಸಲ ನೋಟಿಸ್ ಕೊಟ್ಟಿದ್ದಾರೆ. ಬಸ್ಸು ಓಡಿಸುವ ಪತಿಯದು ಬೇರೆಯೇ ದೂರು: "ಗ್ಯಾಸ್ ಆಫ್ ಮಾಡಿದ್ಲೋ ಇಲ್ವೋ ಅವಳಿಗೆ ನೆನಪಿರಲ್ಲ. ಡಿಸ್ಕ್ ಕಿತ್ತಿದ್ದು ಮಾತ್ರ ನೆನಪಿರತ್ತೆ."

ಹೋದ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಮೂವತ್ತೊಂದು ವರ್ಷ ಸರ್ವಿಸಿನ, ಎಲ್ಲರೂ ಹೆದರುವ ದೊಡ್ಡ ಸಿಸ್ಟರ್ ಏದುಸಿರು ಬಿಡುತ್ತ ಮೆಟ್ಟಿಲ ಕೆಳಗೆ ಬಂದರು.

"ಅಕ್ಕಾ, ನಾನೇನೋ ಒತ್ಬಿಟ್ಟೆ. ಫಿಲ್ಟರ್ ಕಂಪನಿಯವರ ಬೆಲೆಪಟ್ಟಿ ಅಂತ ಮೇಲ್ ಬಂದಿತ್ತು. ಓದೋಕೆ ಅನುಮತಿ ಕೊಡಿ ಅಂತು, ಕೊಟ್ಟೆ. ಪಟ್ಟಿ ತೆರೀಲೇ ಇಲ್ಲ. ಈಗ ಫೈಲಿನ ಹೆಸರೆಲ್ಲ ತಂತಾನೇ ಬದಲಾಗ್ತಿದೆ."

ವೈರಕ್ಕ ಕುರ್ಚಿ ಬಿಟ್ಟೆದ್ದರು. ಓಡಿದರು. ಎಲ್ಲ ಕಂಪ್ಯೂಟರ್‌ಗಳ ಕೇಬಲ್‌ಗಳು ಬಂದು ಸೇರುವ ಗೋಡೆಪೆಟ್ಟಿಗೆಯ ಬಾಗಿಲು ತೆರೆದು, ಎರಡೂ ಕೈಯಲ್ಲಿ ಇಪ್ಪತ್ತಮೂರನ್ನೂ ಕಿತ್ತುಹಾಕಿದರು. ಅಷ್ಟರಲ್ಲಾಗಲೇ ಒಂಬತ್ತು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಬಿದ್ದಿತ್ತು. ಅವುಗಳ ಪರದೆಯ ಮೇಲೆ, ಬೀಗ ತೆಗೆಯಬೇಕಾದರೆ ಹಣ ಕೊಡಿ ಎಂಬ ಒಕ್ಕಣೆ.

ಒಳಗೆ ಹದಿನಾಲ್ಕು ಮಂದಿ ತೋಳು ಚಾಚಿ ಮಲಗಿದ್ದರು. ಸೂಜಿ ಚುಚ್ಚುವುದಷ್ಟೇ ಬಾಕಿ. ಯಾರಿಗೆ ಎಷ್ಟು ಎಂದು ಹೇಳಬೇಕಾದ ಪರದೆಗಳಲ್ಲಿ ಮಾತ್ರ ಆ ಪಟ್ಟಿಯೇ ಇಲ್ಲ.

ಮುಖ್ಯ ವೈದ್ಯರು ಬಂದವರೇ ಕೂಗಾಡಿದರು. "ನಿಮ್ಮ ಹತ್ರ ಡಿಸ್ಕ್ ಇದೆಯಲ್ಲ, ಹಾಕ್ರೀ!"

"ಹಾಕಲ್ಲ ಸರ್."

"ಏನಂದ್ರಿ?"

"ರೋಗ ಇನ್ನೂ ಒಳಗೇ ಇದೆ. ಈಗ ಹಾಕಿದ್ರೆ ಡಿಸ್ಕಿಗೂ ಹತ್ಕೊಳ್ಳತ್ತೆ. ಆಮೇಲೆ ನಮ್ಮ ಕೈಲಿ ಏನೂ ಉಳಿಯಲ್ಲ. ಬೇಕಿದ್ರೆ ನನ್ನ ಕೆಲಸದಿಂದ ತೆಗೀರಿ. ಬೀಗದಕೈ ಮಾತ್ರ ಕೊಡಲ್ಲ."

ಹಾಗೆಂದವರು ಹಿಂದಿನ ಸಂಜೆಯ ಕಾಗದದ ಕಟ್ಟನ್ನು ದೊಡ್ಡ ಸಿಸ್ಟರ್ ಕೈಗಿತ್ತರು. ಮೂರನೇ ಹಾಸಿಗೆಯಲ್ಲಿದ್ದವರು ನಿವೃತ್ತ ಮೇಷ್ಟ್ರು. ಎರಡು ದಿನಗಳ ಹಿಂದೆ ಅವರ ಹೊಟ್ಟೆಯಲ್ಲಿ ರಕ್ತಸ್ರಾವವಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಎಂದಿನಂತೆ ಕೊಟ್ಟಿದ್ದರೆ ಜೀವಕ್ಕೇ ಕುತ್ತು. ಅವರ ಹೆಸರಿನ ಮುಂದೆ ಕಾಗದದಲ್ಲಿ 'ಕೊಡಬಾರದು' ಎಂದಿತ್ತು. ಸಿಸ್ಟರ್ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಮೂರೂ ಪಾಳಿ ಕಾಗದದ ಮೇಲೆಯೇ ನಡೆದವು. ಒಬ್ಬರಿಗೂ ತೊಂದರೆಯಾಗಲಿಲ್ಲ.

ಹೊರಗಿನಿಂದ ಬಂದ ತಂತ್ರಜ್ಞರಿಗೆ ಎಲ್ಲ ಕಂಪ್ಯೂಟರ್‌ಗಳಲ್ಲಿದ್ದುದನ್ನೂ ಅಳಿಸಿ ಹೊಸದಾಗಿ ಸಜ್ಜುಗೊಳಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ವೈರಕ್ಕ ಬೀರು ತೆರೆದರು. ಡಿಸ್ಕ್ ಜೋಡಿಸುವ ಮುಂಚೆ ಅದರ ವೈರನ್ನು ಎರಡು ಸಲ ಒರೆಸಿದರಂತೆ. "ತಿಂಗಳಿಗೊಮ್ಮೆ ತೆರೆದು ನೋಡ್ತಿದ್ದೆ. ಆದ್ರೂ ಆ ಹೊತ್ತಿಗೆ ಯಾವ ನಂಬಿಕೆ?" ಮೊದಲ ಹೆಸರು ಮೂಡಿತು, ಆಮೇಲೆ ಎಲ್ಲವೂ. ಮುಖ್ಯ ವೈದ್ಯರು ಕುರ್ಚಿ ಎಳೆದು ಅವರ ಪಕ್ಕ ಕೂತರು.

ಇಷ್ಟೊಂದು ಎಚ್ಚರ ಎಲ್ಲಿಂದ ಬಂತು ಎಂದು ಕೇಳಿದರೆ ವೈರಕ್ಕ ತಮ್ಮ ಹಳೆಯ ಕೆಲಸದ ಕತೆ ಹೇಳುತ್ತಾರೆ. ಮೊದಲು ಅವರು ಒಂದು ಎಕ್ಸ್-ರೇ ಕೇಂದ್ರದಲ್ಲಿದ್ದರು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಶುದ್ಧಗೊಳಿಸಲು ಇಲ್ಲಿ ಒತ್ತಿ' ಎಂಬ ಸೂಚನೆಯನ್ನು ನಂಬಿ ಒತ್ತಿದ್ದರು. ಆ ಸೂಚನೆಯೇ ವೈರಸ್ಸಾಗಿತ್ತು. "ಬೈತಾರೆ ಅಂತ ಹೆದರಿ ಪರದೆ ಆರಿಸಿ, ಎರಡು ಗಂಟೆ ಬಾಯಿ ಮುಚ್ಕೊಂಡು ಕೂತೆ. ಆರು ವರ್ಷದ ವರದಿಗಳು ಹೋದ್ವು. ಒತ್ತಿದ್ದು ತಪ್ಪೇ, ಸುಮ್ಮನೆ ಕೂತಿದ್ದು ಅದಕ್ಕಿಂತ ತಪ್ಪು. ನಮ್ಮ ಸಿಸ್ಟರ್ ನಾಲ್ಕೇ ನಿಮಿಷಕ್ಕೆ ಬಂದು ಹೇಳಿದ್ರು. ಅಷ್ಟು ದೊಡ್ಡವರು, ಹೇಳೋದು ಸುಲಭಾನಾ?"

ಘಟನೆಯ ವರದಿ ಬರೆಯುವ ಕೆಲಸವೂ ವೈರಕ್ಕನಿಗೇ ಬಂತು. 'ತಪ್ಪಿಗೆ ಕಾರಣರಾದವರು' ಎಂಬ ಸಾಲನ್ನು ಅವರು ಖಾಲಿ ಬಿಟ್ಟಿದ್ದಾರೆ. ಅದರ ಕೆಳಗೆ ನಮೂನೆಯಲ್ಲಿಲ್ಲದ ಇನ್ನೊಂದು ಸಾಲನ್ನು ಕೈಯಿಂದಲೇ ಸೇರಿಸಿದ್ದಾರೆ: 'ತಕ್ಷಣ ತಿಳಿಸಿ ಕೇಂದ್ರವನ್ನು ಉಳಿಸಿದವರು.' ಅದರ ಮುಂದೆ ದೊಡ್ಡ ಸಿಸ್ಟರ್ ಹೆಸರಿದೆ.