ರಾಯಚೂರಿನ ಬೋರ್ಡು ಬರೆದವನು

ಮೀರಾಹುಸೇನ ಬೋರ್ಡು ಬರೆಯುವ ಪೇಂಟರ್. ರಾಯಚೂರಿನ ಅಕ್ಕಿ ಗಿರಣಿಗಳಿಂದ ಹಿಡಿದು ಮಾನ್ವಿ, ದೇವದುರ್ಗದ ಕಿರಾಣಿ ಅಂಗಡಿಗಳವರೆಗೆ ಅವನದೇ ಬರಹ. ಆದರೆ ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಗೇ ಓದು ಬಿಟ್ಟವನು. ಗಿರಾಕಿ ಚೀಟಿ ಕೊಟ್ಟರೆ, ಹೂಬಳ್ಳಿ ನೋಡಿ ಹೂಬಳ್ಳಿ ತೆಗೆದ ಹಾಗೆ ಅಕ್ಷರ ಇಳಿಸುತ್ತಿದ್ದ.

ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ ಪೋತ್ನಾಳದ ಒಂದು ಚಹಾದಂಗಡಿಗೆ "ಇಲ್ಲಿ ಹಾಲು ಸಿಗುತ್ತದೆ" ಎಂದು ಬರೆಯಬೇಕಿತ್ತು. ಚೀಟಿ ಬೆವರಿಗೆ ಒದ್ದೆಯಾಗಿತ್ತೋ ಏನೋ, "ಇಲ್ಲಿ ಹಾಳು ಸಿಗುತ್ತದೆ" ಎಂದು ಬರೆದುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಅಂಗಡಿಯ ಮುಂದೆ ನಿಂತು ನಗುತ್ತಿತ್ತು. ಯಾಕೆ ನಗುತ್ತಿದ್ದಾರೆ ಎಂಬುದು ಅವನೊಬ್ಬನಿಗೇ ಗೊತ್ತಾಗಲಿಲ್ಲ. ಅದೇ ಚುಚ್ಚಿತು.

ನಗದೆ ನಿಂತವರು ಊರ ಶಾಲೆಯ ಟೀಚರ್ ಸೂಗಮ್ಮ. ಕೂಲಿಯವರ ಮನೆಯಲ್ಲಿ ಹುಟ್ಟಿ, ಆ ಮನೆತನದಲ್ಲಿ ಮೊದಲು ಪುಸ್ತಕ ಹಿಡಿದವರು. "ಯಣ್ಣಾ, ನಮ್ಮ ಸಾಲಿ ಗ್ವಾಡಿ ಮ್ಯಾಲ ಅಕ್ಷರಮಾಲಿ ಬರಸಬೇಕಾಗ್ಯದ. ನೀವು ಬರೀರಿ, ನಾ ಓದಸ್ತೀನಿ" ಎಂದರು.

ಇಪ್ಪತ್ತು ದಿನ ಅವನು ಶಾಲೆಯ ಗೋಡೆಗೆ ಬರೆದ. ಒಂದಕ್ಷರದ ಬಣ್ಣ ಒಣಗುವಷ್ಟರಲ್ಲಿ ಸೂಗಮ್ಮ ಅದನ್ನು ಹತ್ತು ಸಲ ಹೇಳಿಸುತ್ತಿದ್ದರು. ಗೋಡೆ ತುಂಬಿತು, ಓದೂ ಬಂತು. ಆಮೇಲೆ ಬಸ್ಸಿನ ಫಲಕ, ಪೇಪರಿನ ಚೂರು, ಬೆಂಕಿಪೆಟ್ಟಿಗೆಯ ಚೀಟಿ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ ಹತ್ತಿತು. ಹೆಂಡತಿ ಕುಬ್ರಾ ಬೇಗಂ ಸಂತೆಯಲ್ಲಿ ಅವನ ತೋಳು ಹಿಡಿದು ಎಳೆಯಬೇಕಾಗುತ್ತಿತ್ತು. "ಮದ್ಲ ಕಾಯಿಪಲ್ಲೆ ತಗೋರಿ, ಓದೂದು ಆಮ್ಯಾಲ."

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ರೈಲು ಸ್ಟೇಶನ್ನಿನ ಬೋರ್ಡಿಗೆ ಹೊಸ ಬಣ್ಣ ಹಚ್ಚುವ ಕೆಲಸ ಬಂತು. ನೂರು ವರ್ಷಕ್ಕೂ ಹಿಂದೆ ಮುಂಬೈ ಕಡೆಯ ಹಳಿ, ಮದರಾಸು ಕಡೆಯ ಹಳಿ ಕೂಡಿದ್ದು ಇಲ್ಲಿಯೇ ಎಂದು ರಾಯಚೂರಿನವರು ಎದೆಯುಬ್ಬಿಸಿ ಹೇಳುತ್ತಾರೆ. ಮೀರಾಹುಸೇನನ ಅಪ್ಪ ಲಾಲ್ ಸಾಬ್ ನಿಜಾಮರ ಕಾಲದಲ್ಲಿ ಅಲ್ಲೇ ಹಮಾಲಿ ಮಾಡಿದವರು. ಅಂಥ ಸ್ಟೇಶನ್ನಿಗೆ ಬರೆಯುವುದೆಂದು ಅವನು ಹೊಸ ಬ್ರಶ್ಶನ್ನೇ ತಂದಿದ್ದ.

ಪರವೂರಿನಿಂದ ಬಂದಿದ್ದ ಗುತ್ತೇದಾರ ಹಳೆಯ ಅಕ್ಷರಗಳನ್ನೆಲ್ಲ ಕೆರೆಸಿ ತೆಗೆಸಿ, ಬರೆಯಬೇಕಾದ ಹೆಸರಿನ ಕಾಗದ ಕೊಟ್ಟ. ಅದರಲ್ಲಿ "ರಾಯಚುರು" ಎಂದಿತ್ತು.

"ಇದು ತಪ್ಪದ್ರಿ. ಚೂ ದೀರ್ಘ ಬರಬೇಕು."

"ಕಾಗದದಾಗ ಹೆಂಗ ಅದ ಹಂಗ ಬರಿ. ನೀ ಏನು ಪಂಡಿತ ಏನು?"

"ಪಂಡಿತ ಅಲ್ರಿ. ಈ ಊರಾವ."

ಏಣಿಯಿಂದ ಇಳಿದು ಅವನು ನೇರ ಸ್ಟೇಶನ್ ಮಾಸ್ತರರ ಕೋಣೆಗೆ ಹೋದ. ಮಾಸ್ತರರು ತಮಿಳಿನವರು. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಮೀರಾಹುಸೇನ ಕಾಗದದ ಅಂಚಿಗೆ "ರಾಯಚೂರು" ಎಂದೂ ಬರೆದು ತೋರಿಸಿದ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನನ್ನ ಕಣ್ಣಿಗೆ ಎರಡೂ ಒಂದೇ ಕಾಣತಾವಪ್ಪ. ಯಾವುದು ಸರಿ ಅಂತ ಹೆಂಗ ಹೇಳಲಿ?"

"ನೀವು ಹೇಳಬ್ಯಾಡ್ರಿ ಸಾಹೇಬ್ರ. ಹೊರಗ ಬರ್ರಿ, ಮಂದಿ ಹೇಳ್ತಾರ."

ಪ್ಲಾಟ್‌ಫಾರ್ಮಿನಲ್ಲಿ ಮೇಲ್ ಗಾಡಿಗೆ ಜನ ಕಾಯುತ್ತಿದ್ದರು. ಮೀರಾಹುಸೇನ ಸೀಮೆಸುಣ್ಣ ಹಿಡಿದು ಕಲ್ಲು ಹಾಸಿನ ಮೇಲೆ ಎರಡನ್ನೂ ಮೊಳದುದ್ದದ ಅಕ್ಷರಗಳಲ್ಲಿ ಬರೆದ. "ಓದಾಕ ಬರೂವರು ಯಾರರ ಓದ್ರಿ!"

ಮೊದಲು ಯಾರೂ ಮುಂದೆ ಬರಲಿಲ್ಲ. ಗುತ್ತೇದಾರ ನಕ್ಕ. ಕಡೆಗೆ ಗೂಗಲ್ ಎಂಬ ಹಳ್ಳಿಯ ಕಡೆಯ ಹೆಣ್ಣುಮಗಳೊಬ್ಬಳು ಗಂಟನ್ನು ಕೆಳಗಿಟ್ಟು ಬಗ್ಗಿದಳು. "ರಾಯ... ಚು... ರು. ಇದ್ಯಾವೂರ್ರೀ ಯಪ್ಪಾ? ನಮ್ಮ ಕಡಿ ಇಂಥ ಊರಿಲ್ಲ." ಸುತ್ತಲಿನವರು ನಕ್ಕರು. ಅವಳು ಎರಡನೆಯದಕ್ಕೆ ಸರಿದಳು. "ರಾಯಚೂರು. ಹಾಂ, ಇದು ನೋಡ್ರಿ ಊರು!" ಆಮೇಲೆ ನಾಲ್ಕೈದು ಜನ ಒಟ್ಟಿಗೇ ಓದಿದರು.

ಕಣ್ಣಿಗೆ ಕಾಣದ್ದು ಮಾಸ್ತರರ ಕಿವಿಗೆ ತಿಳಿಯಿತು. ಮೀರಾಹುಸೇನನ ಕೈಯಿಂದಲೇ ಕಾಗದ ತಿದ್ದಿಸಿ, ಕೆಳಗೆ ರುಜು ಹಾಕಿದರು. ಗುತ್ತೇದಾರ ಬಣ್ಣದ ಡಬ್ಬಿ ಎತ್ತಿಕೊಂಡು, "ನಡಿ, ಏಣಿ ನಾ ಹಿಡೀತೀನಿ" ಎಂದ.

ಮೂರು ದಿನ ಬರೆದ. ಹಳದಿಯ ಮೇಲೆ ಕಪ್ಪು, ಹಿಂದಿ ಇಂಗ್ಲಿಷಿಗಿಂತ ಮೇಲೆ ಕನ್ನಡ. ಕೊನೆಯ ದಿನ ನಿಂತ ಗಾಡಿಯ ಕಿಟಕಿಗಳಿಂದ ಜನ ಓದುವುದು ಕೇಳಿಸಿದಾಗ ಅವನು ಏಣಿಯ ಮೇಲೆಯೇ ಬೀಡಿ ಹಚ್ಚಿ ಕೂತ. ಅಲ್ಲಿಂದ ಮುಂದೆ ಮಟಮಾರಿ ಮುಂತಾದ ಸಣ್ಣ ಸ್ಟೇಶನ್ನುಗಳ ಕೆಲಸವೂ ಅವನಿಗೇ ಬಂತು. ಪ್ಯಾಸೆಂಜರ್ ಗಾಡಿಯಲ್ಲಿ ಬಣ್ಣದ ಡಬ್ಬಿಗಳನ್ನು ಕಾಲ ನಡುವೆ ಇಟ್ಟುಕೊಂಡು ಹೋಗಿ ಬರುತ್ತಿದ್ದ. ಕಾಗದದಲ್ಲಿ ತಪ್ಪಿದೆಯೇ ಎಂದು ಗುತ್ತೇದಾರರೇ ಮೊದಲು ಅವನನ್ನು ಕೇಳುವಂತಾಯಿತು.

ಎಂಬತ್ತೇಳರಲ್ಲಿ ಗಂಡ ಹೆಂಡತಿ ಸೇರಿ ಎರಡು ಕೋಣೆಯ ಮನೆ ಕಟ್ಟಿಸಿದರು.

"ಊರಿಗೆಲ್ಲ ಹೆಸರು ಬರದೀರಿ, ನಮ್ಮ ಮನಿಗೇ ಬೋರ್ಡಿಲ್ಲ" ಎಂದಳು ಕುಬ್ರಾ ಬೇಗಂ.

"ಏನಂತ ಬರೀಲಿ?"

"ಮ್ಯಾಲ ನನ್ನ ಹೆಸರು, ಕೆಳಗ ನಿಮ್ಮದು. ದಿನಾ ಬಾಗಲಾ ತಗಿಯಾಕಿ ನಾನು."

ಅವನು ಬಣ್ಣ ಕಲಸಲು ಕೂತ.