ಸ್ಟೇರಿಂಗ್ ಇಲ್ಲದ ಮೋಟಾರು

೨೦೦೪ರ ನವೆಂಬರ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಏಳೂಕಾಲು ಗಂಟೆಗೆ, ನಾನು ಕಾಶಿಯ ದಶಾಶ್ವಮೇಧ ಘಾಟಿನಲ್ಲಿ ನೀರಿನಿಂದ ಮೂರನೆಯ ಮೆಟ್ಟಿಲಿನ ಮೇಲೆ ನಿಂತಿದ್ದೆ. ದಡ ಬಿಟ್ಟು ಎರಡು ಮಾರು ಹೋಗಿದ್ದ ದೋಣಿಯಲ್ಲಿ ಪುರೋಹಿತರಾದ ಭಟ್ಟರು ಕೂತಿದ್ದರು. ಅವರ ತೊಡೆಯ ಮೇಲೆ ಕೆಂಪು ಬಟ್ಟೆಯ ಗಂಟು. ಗಂಟಿಗೆ ಕಲ್ಲು ಕಟ್ಟಿದ್ದರು.

ಒಳಗಿದ್ದದ್ದು ಹಳೆಯ ಬಹಿ. ಕರ್ನಾಟಕದಿಂದ ಬಂದ ಯಾತ್ರಿಕರು ತಮ್ಮ ಊರು, ಗೋತ್ರ, ಹಿರಿಯರ ಹೆಸರು, ಬಂದ ಕಾರಣಗಳನ್ನು ತಮ್ಮ ಕೈಯಿಂದಲೇ ಬರೆದಿಟ್ಟ ಪುಸ್ತಕ. ಹುಳು ಹಿಡಿದಾಗ ಹೊಸದಕ್ಕೆ ನಕಲು ಮಾಡಿ, ಹಳೆಯದನ್ನು ಗಂಗೆಗೆ ಬಿಡುವುದು ಆ ಪುರೋಹಿತರ ಮನೆಯ ಪದ್ಧತಿ.

ನನಗೆ ಅದರ ಒಂದು ಪುಟ ಬೇಕಾಗಿತ್ತು. ಪೆಟ್ರೋಲಿನಿಂದ ಓಡುತ್ತಿದ್ದ ಮೊದಮೊದಲ ರೈಲು ಮೋಟಾರುಗಳ ಚರಿತ್ರೆಯನ್ನು ಆರು ವರ್ಷಗಳಿಂದ ಬರೆಯುತ್ತಿದ್ದೆ. ನಮ್ಮ ಕಡೆಯ ಒಂದು ಸಣ್ಣ ಲೈನಿಗೆ ಅಂಥ ಗಾಡಿ ತರಿಸಿದ್ದರೆಂದು ಕಾಗದಗಳು ಹೇಳುತ್ತಿದ್ದವು. ಅದು ಓಡಿತು ಎನ್ನಲು ಒಂದು ಸಾಲೂ ಸಿಕ್ಕಿರಲಿಲ್ಲ. ಸಿಗದಿದ್ದರೆ ಆ ಅಧ್ಯಾಯವನ್ನೇ ಕೈಬಿಡಬೇಕಿತ್ತು. ಗಾಡಿ ಓಡಿಸಿದೆನೆಂದು ಮನೆಯಲ್ಲಿ ಹೇಳುತ್ತಿದ್ದವರೊಬ್ಬರು ಆ ಕಾಲದಲ್ಲೇ ಹರಕೆ ತೀರಿಸಲು ಕಾಶಿಗೆ ಬಂದುಹೋಗಿದ್ದರು. ಅವರ ಮೊಮ್ಮಗಳು, ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಕೆ, ಈಗ ನನ್ನೊಡನೆ ಬಂದಿದ್ದರು.

ಹಿಂದಿನ ಸಂಜೆ ನಾನೊಬ್ಬನೇ ಶಿವಾಲ ಎಂಬ ಕೇರಿಯಲ್ಲಿದ್ದ ಭಟ್ಟರ ಮನೆಗೆ ಹೋಗಿದ್ದೆ. ಸಂಶೋಧನೆಯ ಕೆಲಸ, ಆಕೆಗೆ ಯಾಕೆ ತೊಂದರೆ ಎಂದುಕೊಂಡಿದ್ದೆ. ಹೊಸ ಬಹಿಯಲ್ಲಿ ಹೆಸರು, ಗೋತ್ರ, ಊರು ಮಾತ್ರ ಇದ್ದವು.

"ಹಳೇದು ತೋರ್ಸಿ" ಎಂದೆ.

"ಸಂಕಲ್ಪ ಆಗೋಯ್ತು ರಾಯರೇ, ಬೇರೆಯವರಿಗೆ ಬಿಚ್ಚಲ್ಲ. ರೈಲು ಗೀಲು ಎಲ್ಲಾ ನಕಲ್ ಮಾಡ್ಕೊಂಡು ಯಾವ ಪಿತೃಗೆ ತರ್ಪಣ ಕೊಡ್ಲಿ?"

ಬೆಳಗ್ಗೆ ಮೆಟ್ಟಿಲ ಮೇಲೂ ಅದೇ ವಾದ ಮಾಡಿದೆ. ದೋಣಿ ಹೊರಟೇ ಬಿಟ್ಟಿತು. ಸ್ನಾನ ಮುಗಿಸಿ ನನಗಿಂತ ಎರಡು ಮೆಟ್ಟಿಲು ಮೇಲೆ ಸೆರಗು ಹಿಂಡುತ್ತಿದ್ದ ಆಕೆ, "ಆಗಿನಿಂದ ಚರಿತ್ರೆ ಚರಿತ್ರೆ ಅಂತೀರಲ್ಲ, ಅವರಿಗೆ ಬೇಕಾಗಿರೋದು ವಂಶ" ಎಂದು ನೀರಿಗಿಳಿದು ಕೂಗಿದರು: "ಭಟ್ರೇ! ನಮ್ಮಪ್ಪನ ಕಡೆ ಕಾಶ್ಯಪ ಗೋತ್ರ. ನಮ್ಮ ತಾತನ ಪುಟ ನಂಗೆ ತೋರ್ಸಿ!"

"ಪಂಡಿತ್‌ಜೀ, ಬಿಟಿಯಾ ಬುಲಾ ರಹೀ ಹೈ", ಮಗಳು ಕರೆಯುತ್ತಿದ್ದಾಳೆ, ಎಂದು ದೋಣಿಯವನು ಅಪ್ಪಣೆಗೂ ಕಾಯದೆ ದೋಣಿ ತಿರುಗಿಸಿದ.

"ನಿನ್ನೆನೇ ಬರಬಾರ್ದಿತ್ತಾ ತಾಯಿ! ಮನೆಯವರು ಕೇಳಿದ್ಮೇಲೆ ಇಲ್ಲ ಅನ್ನೋ ಹಾಗಿಲ್ಲ" ಎನ್ನುತ್ತ ಭಟ್ಟರು ಗಂಟು ಬಿಚ್ಚಿದರು. ಪುಟ ತಿರುಗಿಸಿದ್ದು ಆಕೆ.

"ಪೆಟ್ರೋಲು ರೈಲು ಮೋಟಾರು ಓಡಿಸುವವನು. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಒಳಗೆ ಹನ್ನೊಂದು ಜನ. ಎಲ್ಲರೂ ಉಳಿದರು. ಹರಕೆಗೆ ಬಂದೆ." ಬ್ರೇಕು ಯಾಕೆ ಹಿಡಿಯಲಿಲ್ಲವೆಂದು ಬರೆದಿಲ್ಲ, ನಾನೂ ಊಹಿಸುವುದಿಲ್ಲ. ಕೆಳಗೆ ಹೆಬ್ಬೆರಳುದ್ದದ ಚಿತ್ರ: ಮುಂದೆ ರೇಡಿಯೇಟರು, ಅದರಡಿ ಎಂಜಿನ್ ಚಾಲೂ ಮಾಡಲು ಕೈಯಿಂದ ತಿರುಗಿಸುವ ಹಿಡಿ, ಚಾಲಕನೆದುರು ಬ್ರೇಕಿನ ಸಣ್ಣ ಸನ್ನೆಕೋಲು. ಸ್ಟೇರಿಂಗ್ ಇರಲಿಲ್ಲ. ಹಳಿಯ ಮೇಲಿನ ಗಾಡಿಗೆ ಅದು ಬೇಡ. ಗಾಡಿ ಓಡಿಸದೆ ಕೇಳಿದ್ದನ್ನಷ್ಟೇ ಬರೆದವರಾಗಿದ್ದರೆ ತಪ್ಪದೆ ಒಂದು ಸ್ಟೇರಿಂಗ್ ಚಕ್ರ ಹಾಕಿರುತ್ತಿದ್ದರು.

"ನಮ್ಮನೇಲಿ ಇವರನ್ನ ಬುರುಡೆ ತಾತ ಅಂತಿದ್ವಿ" ಎಂದು ಆಕೆ ನಕ್ಕರು. ನಾವೆಲ್ಲ ನಕ್ಕೆವು.

ಸಂಕಲ್ಪವಾದದ್ದನ್ನು ಮನೆಗೆ ಒಯ್ಯುವಂತಿರಲಿಲ್ಲ; ಫೋಟೋಗೂ ಭಟ್ಟರು ಒಪ್ಪಲಿಲ್ಲ. ಅಲ್ಲಿಯೇ ಕೂತು ನಾನು ಅಕ್ಷರ ಅಕ್ಷರ ಬರೆದುಕೊಂಡೆ, ಆಕೆ ಚಿತ್ರವನ್ನು ನೋಡಿ ಬಿಡಿಸಿಕೊಂಡರು; ಎರಡನ್ನೂ ಹೊಸ ಬಹಿಗೆ ಸೇರಿಸುವುದಾಗಿ ಭಟ್ಟರು ಮಾತು ಕೊಟ್ಟು, ಸೇರಿಸಿದರು. ಎಂಟೂವರೆಗೆ ಹಳೆಯದು ನೀರಿಗೆ ಹೋಯಿತು. ಅಧ್ಯಾಯ ಉಳಿಯಿತು.

ಮೂಲ ಪುಟ ಈಗ ಇಲ್ಲವಾದ್ದರಿಂದ ಇದನ್ನೂ ಹೇಳಬೇಕು. ಅದನ್ನು ಕಣ್ಣಾರೆ ಕಂಡವರು ನಾಲ್ವರು. ಭಟ್ಟರು ತೀರಿಕೊಂಡರು. ಮೊಮ್ಮಗಳು ಇದ್ದಾರೆ, ನಾನಿದ್ದೇನೆ. ಕನ್ನಡ ಓದಲು ಬಾರದೆ, ಚಿತ್ರ ನೋಡಿಯೇ "ಅರೇ, ಯೇ ತೋ ಪಟರೀ ಪರ್ ಮೋಟರ್ ಹೈ", ಇದು ಹಳಿಯ ಮೇಲಿನ ಮೋಟಾರು, ಎಂದ ದೋಣಿಯವನೂ ಇದ್ದಾನೆ.