ಎದುರು ಬುಟ್ಟಿಯ ಕೇಸರಿ ಗೆಣಸು

ಬೆಳಗಿನ ಐದೂವರೆ. ಹಳೇಬೀಡಿನ ಬಸ್ ನಿಲ್ದಾಣದ ಪಕ್ಕದಲ್ಲಿ ಮಾರಮ್ಮನವರ ಹಂಡೆ ಹಬೆಯಾಡುತ್ತಿದೆ. ತಳದಲ್ಲಿ ಹುಲ್ಲು, ಮೇಲೆ ಗೆಣಸು, ಬಾಯಿಗೆ ಒದ್ದೆ ಗೋಣಿಚೀಲ. ಅರವತ್ತೆರಡರ ಈಕೆ ಕಡ್ಡಿ ಚುಚ್ಚಿ ನೋಡುವವರಲ್ಲ. ಬೆಂದದ್ದು ವಾಸನೆಯಲ್ಲೇ ತಿಳಿಯುತ್ತದೆ. ಮೂಗು ಹಂಡೆಯ ಮೇಲಿದ್ದರೂ ಕಣ್ಣು ಮಾತ್ರ ರಸ್ತೆಯಾಚೆ ಗೆಣಸು ಮಾರುವ ಶಿವಗಂಗಮ್ಮನವರ ಬುಟ್ಟಿಯ ಮೇಲಿದೆ.

"ನಂದು ಮೂವತ್ತು ವರ್ಸದ ಹಂಡೆ ಸಾರ್. ಅವ್ಳು ಬಂದು ಎರಡು ವರ್ಸ ಆಗಿಲ್ಲ. ಗೆಣಸಿನೊಳಗೆ ಕೇಸರಿ ಬಣ್ಣ ಐತಂತೆ! ತಿನ್ನಕ್ಕೋ, ಚಪ್ಪರಕ್ಕೆ ಕಟ್ಟಕ್ಕೋ?"

ಗೆಂಡೆಹಳ್ಳಿ ಕಡೆಯ ಅರ್ಧ ಎಕರೆಯಲ್ಲಿ ಬಳ್ಳಿ ನೆಡುವುದು, ಅಗೆಯುವುದು, ತೊಳೆಯುವುದು, ಹೊತ್ತು ತರುವುದು ಎಲ್ಲ ಮಾರಮ್ಮನವರೇ. ದಿನಕ್ಕೆ ಇಪ್ಪತ್ತು ಕೆಜಿ. ಸೊಂಟ ಹಿಡಿದ ದಿನವೂ ಒಲೆ ಆರಿಲ್ಲ. ಹತ್ತು ವರ್ಷದಿಂದ ಪ್ರತಿ ಬುಧವಾರ ಅಂಗನವಾಡಿಯ ಮಕ್ಕಳಿಗೆ ಹೋಗುತ್ತಿದ್ದುದು ಈ ಹಂಡೆಯ ಬಿಳಿ ಗೆಣಸು. ಕಳೆದ ವರ್ಷ ಆ ಬುಧವಾರ ರಸ್ತೆ ದಾಟಿತು.

ದಾಟಿಸಿದವರು ಅಂಗನವಾಡಿ ಟೀಚರ್ ಮೇಘಶ್ರೀ. "ಬಿಳಿಯದರಲ್ಲೂ ಪೊಟ್ಯಾಸಿಯಂ, ನಾರು ಎಲ್ಲಾ ಇದೆ ಮಾರಕ್ಕ. ಆದ್ರೆ ಕಣ್ಣಿಗೆ ಬೇಕಾದ ಎ ವಿಟಮಿನ್ ಅಂಶ ಕೇಸರಿಯಲ್ಲೇ ಜಾಸ್ತಿ" ಎಂದರು. ಮಾರಮ್ಮನವರ ಕಿವಿಗೆ ಬಿದ್ದದ್ದು ಎರಡನೆಯ ವಾಕ್ಯ ಮಾತ್ರ.

"ಮಕ್ಳು ನನ್ ಮುಂದೇನೇ ಹಾದು ಅವ್ಳ ತಾವ ಹೋಗವು. 'ಅಜ್ಜಿ, ನಿನ್ ಗೆಣಸು ತಿಂದ್ರೆ ಕಣ್ ಕಾಣಲ್ವಂತೆ' ಅಂದ್ಬಿಟ್ಟ ಒಬ್ಬ! ಸುಳ್ಯಾಕೆ ಹೇಳ್ಲಿ, ಹೊಟ್ಟೆ ಉರೀತು ಕಣ್ರೀ."

ಕೇಳಿ ತಂದ ಬಳ್ಳಿ ಸೊರಗುತ್ತದೆ, ಕದ್ದು ತಂದದ್ದು ಹಬ್ಬುತ್ತದೆ ಎಂದು ಮಾರಮ್ಮನವರ ಅತ್ತೆ ಹೇಳುತ್ತಿದ್ದರಂತೆ. ಅತ್ತೆಯ ಮಾತನ್ನು ಜೀವಮಾನದಲ್ಲಿ ಮೊದಲ ಬಾರಿ ಪಾಲಿಸಿದ ಸೊಸೆ, ಒಂದು ಮಧ್ಯಾಹ್ನ ಶಿವಗಂಗಮ್ಮನವರ ಹೊಲಕ್ಕೆ ನುಗ್ಗಿ, ಮಣ್ಣು ಕೆದಕಿ, ಸಿಪ್ಪೆ ಕಡುಗೆಂಪಿದ್ದ ಸಾಲನ್ನೇ ಆರಿಸಿ, ಒಂದು ತೆಕ್ಕೆ ಬಳ್ಳಿ ಕೊಯ್ದು ತಂದರು. ನಾಲ್ಕು ತಿಂಗಳು ನೀರು ಕಟ್ಟಿದರು. ಅಗೆದು ಹೋಳು ಮಾಡಿದರೆ ಒಳಗೆ ಅಚ್ಚ ಬಿಳಿ. ಟೀಚರ್ ಹೇಳಿದ್ದು ತಿರುಳಿನ ಬಣ್ಣ. ಮಾರಮ್ಮ ಕದ್ದದ್ದು ಸಿಪ್ಪೆಯ ಬಣ್ಣ.

ಶಿವಗಂಗಮ್ಮನವರಿಗೆ ಎಲ್ಲ ಗೊತ್ತಿತ್ತು. ಮರುವಾರ ಕೇಸರಿ ಗೆಣಸಿನ ಬಳ್ಳಿಯ ಕಟ್ಟೊಂದನ್ನು ತಾವೇ ತಂದು ಹಂಡೆಯ ಪಕ್ಕ ಹಾಕಿದರು. "ದನಕ್ಕೆ ಅಂತ ಬಿಟ್ಟಿದ್ ಸಾಲು ಕದ್ದಿದ್ದೀಯಲ್ಲೇ ಮಾರಿ! ಕದಿಯೋಳು ನೋಡ್ಕಂಡು ಕದಿಬಾರ್ದಾ?"

ಮಾರಮ್ಮನವರಿಗೆ ಸೋಲು ನುಂಗುವುದಕ್ಕಿಂತ ಈ ಉಪಕಾರ ನುಂಗುವುದೇ ಕಷ್ಟವಾಗಿದೆ. ಆದರೂ ನೆಟ್ಟಿದ್ದಾರೆ. ಅವರಿಗೆ ಬುಧವಾರ ವಾಪಸ್ ಬೇಕು, ಬೇರೇನೂ ಬೇಡ. ಬಳ್ಳಿ ಹೇಗಿದೆ ಎಂದರೆ ಸೆರಗಿಗೆ ಕೈ ಒರೆಸಿಕೊಂಡು, ದನಿ ತಗ್ಗಿಸುತ್ತಾರೆ.

"ಹಬ್ಬೈತೆ. ಅವ್ಳದಕ್ಕಿಂತ ಒಂದು ಮೊಳ ಉದ್ದ. ನಿನ್ನೆ ಅವ್ಳ ಹೊಲಕ್ಕೋಗಿ ಅಳತೆ ಮಾಡ್ಕಂಡೇ ಬಂದಿವ್ನಿ."